ಏಕತಾರಿಯ ಪದ, ಗಿಟಾರಿನ ಕೊರಳು

ರಘು ದೀಕ್ಷಿತ್ ಹಾಡಿನ ಬಗ್ಗೆ ನಮ್ಮ ಗೆಳೆಯರಲ್ಲಿ ಎರಡು ಮಾತು ನಡೆದಾವ. ತತ್ವಪದಕ್ಕೆ ಗಿಟಾರು ಹಚ್ಚಿ ಕೆಡಿಸಿದರು ಅನ್ನೋದು ಒಂದು. ಶಿಶುನಾಳ ಶರೀಫರನ್ನು ಲೋಕಕ್ಕೆ ಮುಟ್ಟಿಸಿದರು ಅನ್ನೋದು ಇನ್ನೊಂದು. ಎರಡೂ ಅರ್ಧ ಮಾತು. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಕೇರಿಗಳಲ್ಲಿ ಏಕತಾರಿ ಕೇಳುತ್ತ ಬೆಳೆದ ನನಗೆ ಇದು ವಾದ್ಯದ ಜಗಳವಾಗಿ ಕಾಣುವುದಿಲ್ಲ.

1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ಸಂಪ್ರದಾಯಸ್ಥ ಮನೆಯ ಹುಡುಗ. ಭರತನಾಟ್ಯ ಕಲಿತರು, ಸೂಕ್ಷ್ಮಜೀವಿಶಾಸ್ತ್ರ ಓದಿದರು. ಗಿಟಾರು ಕಲಿತದ್ದು ಕಾಲೇಜಿನಲ್ಲಿ, ಗೆಳೆಯನೊಬ್ಬ ಹಂಗಿಸಿದ ಹಟಕ್ಕೆ. ನೌಕರಿ ಬಿಟ್ಟು ಹಾಡಿಗೆ ಬಂದವರಿಗೆ ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ 2008ರಲ್ಲಿ ವಿಶಾಲ್-ಶೇಖರ್ ಜೋಡಿ ಅವರ ಮೊದಲ ಆಲ್ಬಂ ಹೊರತಂದಿತು. ಎಂಟು ಹಾಡಿನಲ್ಲಿ ಕನ್ನಡದವು ಎರಡು, ಎರಡೂ ಶರೀಫರವು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿ ಬಂದರು. ಉಡುಪು ಲುಂಗಿ, ಕಾಲಿಗೆ ಗೆಜ್ಜೆ. ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ನಮ್ಮ ಭಾಷೆಗೆ ನಾವೇ ನಾಚಿದವರು. ಆ ನಾಚಿಕೆ ಈ ಮನುಷ್ಯನಿಗಿಲ್ಲ. ಇದು ಸಣ್ಣ ಮಾತಲ್ಲ.

ಆದರೂ ಶರೀಫರ ಸೋರುವ ಮಾಳಿಗೆಯ ಪದ ಅವರ ದನಿಯಲ್ಲಿ ಕೇಳುವಾಗ ನನಗೇನೋ ಕಡಿಮೆ ಬೀಳುತ್ತದೆ. ಮೈಸೂರು ಕಡೆ ಮಾಳಿಗೆ ಎಂದರೆ ಮೇಲಂತಸ್ತು. ನಮ್ಮ ಕಡಿ ಹಂಗಲ್ಲ. ತೊಲೆ, ಜಂತಿ, ಅದರ ಮ್ಯಾಲ ಮಣ್ಣು, ಅದೇ ಮಾಳಿಗಿ. ಮಿರಗದ ಮಳೆ ಬರೋಕಿಂತ ಮುಂಚೆ ನಮ್ಮವ್ವ ಬುಟ್ಟಿ ಹೊತ್ತು ಮ್ಯಾಲೇರಿ ಮಣ್ಣು ಹಾಕಿ ತುಳೀತಿದ್ದಳು. ಶರೀಫರಲ್ಲಿ ಮಾಳಿಗೆ ದೇಹವೂ ಹೌದು, ಅಜ್ಞಾನವೂ ಹೌದು. ಮೊದಲಿಗೆ ಅದು ಮಾಳಿಗೆ. ಪಂಡಿತರು ಇದನ್ನು ಮರೆತು ನೇರ ಅಧ್ಯಾತ್ಮಕ್ಕೆ ಹಾರುತ್ತಾರೆ.

ಏಕತಾರಿ ಒಂದೇ ಸುರ ಹಿಡಿದು ನಿಲ್ಲುತ್ತದೆ. ಪದ ದುಃಖದ್ದೋ ನಗೆಯದ್ದೋ ಅದು ಹೇಳಿಕೊಡುವುದಿಲ್ಲ. ಪದವೇ ಹೇಳಬೇಕು, ಕೂತವರೇ ಬಿಡಿಸಬೇಕು. ಗಿಟಾರಿನಲ್ಲಿ ನಾಲ್ಕಾರು ತಂತಿ ಕೂಡಿ ನುಡಿಯುತ್ತವೆ. ಪದ ಬಾಯಿಗೆ ಬರುವ ಮೊದಲೇ ಭಾವ ಇಂಥದ್ದು ಎಂದು ಸಾರಿಬಿಡುತ್ತವೆ. ಕೇಳುವವನಿಗೆ ಕೆಲಸ ಉಳಿಯುವುದಿಲ್ಲ. ಕೇರಿಯ ಭಜನೆಯಲ್ಲಿ ನಡುರಾತ್ರಿ ಯಾರೋ ಒಬ್ಬ ಹಾಡು ನಿಲ್ಲಿಸಿ, “ಈ ಮಾಳಿಗಿ ಯಾವುದಪಾ, ಯಾಕ ಸೋರ್ತದ?” ಎಂದು ಸವಾಲು ಹಾಕ್ತಾನ. ಹಾಡಿದವನು ಇನ್ನೊಂದು ಪದದಿಂದ ಜವಾಬು ಕೊಡಬೇಕು. ಕೂಲಿ ಮಾಡಿ ಬಂದ ಮಂದಿ ವಿಚಾರ ಮಾಡಲು ಕಲಿತದ್ದು ಇಲ್ಲಿ. ಟಿಕೆಟ್ಟಿನ ಸಂಗೀತ ಕಚೇರಿಯಲ್ಲಿ ಚಪ್ಪಾಳೆ ಉಂಟು, ಸವಾಲಿಲ್ಲ.

ಹಾಗೆಂದು ಬೆರಕೆ ಬೇಡ ಅನ್ನುವ ಮಡಿವಂತಿಕೆ ನನಗೆ ಒಪ್ಪಿಗೆಯಿಲ್ಲ. ಶರೀಫರದು ಮುಸಲ್ಮಾನ ಮನೆ. ಅವರ ಗುರು ಗೋವಿಂದಭಟ್ಟರು ಬ್ರಾಹ್ಮಣ. ಹುಮನಾಬಾದಿನ ಮಾಣಿಕನಗರದಲ್ಲಿ 1865ರಲ್ಲಿ ತೀರಿಕೊಂಡ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಮೂರರಲ್ಲೂ ಪದ ಕಟ್ಟಿದರು. ಬಸವಕಲ್ಯಾಣದ ಸಂತೆಯಲ್ಲಿ ಇವತ್ತಿಗೂ ಒಂದು ಚೌಕಾಸಿಗೆ ಮೂರು ಭಾಷೆ ಬೇಕು. ಭಜನೆಯ ಪೇಟಿಯೂ ಯುರೋಪಿನಿಂದ ಬಂದದ್ದೇ, ಅದನ್ನು ಯಾರು ಪರದೇಶಿ ಅಂತಾರೆ? ಗಿಟಾರೂ ಬರಲಿ.

ನನ್ನ ತಕರಾರು ಮೈಕಿನ ಬಗ್ಗೆ. ಪದ ಕೈ ಬದಲಿಸಿದ ಮೇಲಷ್ಟೇ ಅದಕ್ಕೆ ಬೆಲೆ ಯಾಕೆ ಬರ್ತದ? ರಘು ಅವರಿಗಿಂತ ಮೊದಲು ಸಿ. ಅಶ್ವತ್ಥ್ ಶರೀಫರನ್ನು ವೇದಿಕೆಗೆ ತಂದರು. 1990ರಲ್ಲಿ ನಾಗಾಭರಣರ ಸಿನಿಮಾ ಬಂತು. ಪದ ಊರೂರು ಸುತ್ತಿತು. ಅದನ್ನು ನೂರು ವರ್ಷ ಬಾಯಲ್ಲಿ ಕಾಪಾಡಿದವರು ಇದ್ದಲ್ಲೇ ಇದ್ದಾರೆ. ಇದಕ್ಕೆ ಒಬ್ಬ ಗಾಯಕ ಹೊಣೆಯಲ್ಲ, ವೇದಿಕೆ ಕಟ್ಟುವವರು ಹೊಣೆ. ನಮ್ಮ ಸೀಮೆಯ ಒಂದು ಉತ್ಸವದಲ್ಲಿ ನಾನೇ ಕಂಡೆ. ಹೆಸರಾದವರಿಗೆ ರಾತ್ರಿ, ದೀಪ, ಮಂದಿ. ಏಕತಾರಿ ಮೇಳಕ್ಕೆ ಮಧ್ಯಾಹ್ನದ ಬಿಸಿಲು, ಖಾಲಿ ಕುರ್ಚಿ, ಹತ್ತು ನಿಮಿಷ. ಮುದುಕ ಮೂರನೇ ನುಡಿ ಎತ್ತುವುದರೊಳಗೆ ಶಾಲು ಹೊದಿಸಿ ಕೆಳಗಿಳಿಸಿದರು. ಸವಾಲು ಹಾಕಬೇಕಿದ್ದವನು ಇನ್ನೂ ಮೆಟ್ಟಿಲ ಹತ್ತಿರ ನಿಂತಿದ್ದ.