ಚೌಕಾಸಿಯ ವೈರಿ ಚೌಕಾಸಿಗಿಳಿದಾಗ

ಒಬ್ಬ ವಕೀಲ ತನ್ನ ಮೇಲೆ ತಾನೇ ದಾವೆ ಹೂಡಬಹುದೇ? ಯಾವ ನ್ಯಾಯಾಲಯವೂ ಅಂಥ ದಾವೆಯನ್ನು ಸ್ವೀಕರಿಸುವುದಿಲ್ಲ. ಆದರೆ 2017ರಲ್ಲಿ ತೆರೆಕಂಡ ಅಮೆರಿಕದ ‘ರೋಮನ್ ಜೆ. ಇಸ್ರೇಲ್, ಎಸ್ಕ್ವೈರ್’ ಚಿತ್ರ ಆರಂಭವಾಗುವುದೇ ಇಂಥದೊಂದು ದಾವೆಯಿಂದ. ಅದರಲ್ಲಿ ವಾದಿಯೂ ಅವನೇ, ಪ್ರತಿವಾದಿಯೂ ಅವನೇ. ಜೀವನವಿಡೀ ತಾನು ಯಾವುದಕ್ಕಾಗಿ ನಿಂತೆನೆಂದು ಹೇಳಿಕೊಂಡೆನೋ ಅದಕ್ಕೇ ಬೆನ್ನು ತಿರುಗಿಸಿದೆನೆಂಬ ಆರೋಪವನ್ನು ಅವನು ಕಾನೂನಿನ ಒಣ ಭಾಷೆಯಲ್ಲಿ ತನ್ನ ಮೇಲೆ ಹೊರಿಸಿಕೊಳ್ಳುತ್ತಾನೆ. ಆಮೇಲೆ ಕಥೆ ಮೂರು ವಾರ ಹಿಂದಕ್ಕೆ ಹೋಗುತ್ತದೆ. ಮೂರೇ ವಾರದಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಹೇಗೆ ಕುಸಿದ ಎಂಬುದೇ ಚಿತ್ರದ ವಸ್ತು.

ನಿರ್ದೇಶಕ ಡ್ಯಾನ್ ಗಿಲ್‌ರಾಯ್. ಇದಕ್ಕೆ ಮೊದಲು 2014ರಲ್ಲಿ ಅವರು ‘ನೈಟ್‌ಕ್ರಾಲರ್’ ಮಾಡಿದ್ದರು. ಅಪಘಾತ, ಕೊಲೆಗಳ ದೃಶ್ಯ ಸೆರೆಹಿಡಿದು ಟಿ.ವಿ. ವಾಹಿನಿಗಳಿಗೆ ಮಾರುವ, ಆತ್ಮಸಾಕ್ಷಿಯೇ ಇಲ್ಲದವನ ಕಥೆ ಅದು. ಈ ಚಿತ್ರದ ನಾಯಕ ಅವನಿಗೆ ತದ್ವಿರುದ್ಧ. ಇವನಲ್ಲಿ ಆತ್ಮಸಾಕ್ಷಿ ಬಿಟ್ಟರೆ ಬೇರೇನೂ ಇಲ್ಲ. ಎರಡೂ ಕಥೆಗಳು ನಡೆಯುವುದು ಲಾಸ್ ಏಂಜಲೀಸ್ ನಗರದಲ್ಲೇ.

ಡೆನ್ಜೆಲ್ ವಾಷಿಂಗ್ಟನ್ ಅಭಿನಯಿಸಿದ ರೋಮನ್, ನಾಗರಿಕ ಹಕ್ಕುಗಳ ಚಳವಳಿಯ ಕಾಲದ ಆದರ್ಶಗಳನ್ನು ಇನ್ನೂ ಎದೆಗೊತ್ತಿಕೊಂಡು ಬದುಕುವ ಕರಿಯ ವಕೀಲ. ವಿಲಿಯಂ ಜಾಕ್ಸನ್ ಎಂಬ ಹೆಸರಾಂತ ಹಿರಿಯ ವಕೀಲರ ಪುಟ್ಟ ಕಚೇರಿಯಲ್ಲಿ ವಾರಕ್ಕೆ 500 ಡಾಲರ್ ಸಂಬಳಕ್ಕೆ ದಶಕಗಳಿಂದ ದುಡಿದವನು. ಕೋರ್ಟಿನಲ್ಲಿ ನಿಂತು ವಾದಿಸುವವರು ಜಾಕ್ಸನ್. ಹಿಂದೆ ಕುಳಿತು ಕಾಗದಪತ್ರ, ತೀರ್ಪುಗಳ ರಾಶಿಯಲ್ಲಿ ಮುಳುಗಿರುವವನು ರೋಮನ್. ಕಾನೂನಿನ ಕಲಮುಗಳೆಲ್ಲ ಅವನಿಗೆ ಕಂಠಪಾಠ. ಮನುಷ್ಯರೊಂದಿಗೆ ಹೇಗೆ ಮಾತನಾಡಬೇಕೆಂಬುದು ಮಾತ್ರ ತಿಳಿಯದು. ಹಳೆಯ ಕಾಲದ ದೊಗಲೆ ಸೂಟು, ದೊಡ್ಡ ಕನ್ನಡಕ, ಕಿವಿಗೆ ಹೆಡ್‌ಫೋನ್, ಊಟಕ್ಕೆ ಪೀನಟ್ ಬಟರ್ ಸವರಿದ ಬ್ರೆಡ್ಡು, ಹೆಗಲಲ್ಲಿ ಭಾರದ ಚೀಲ. ಆ ಚೀಲದಲ್ಲಿ ಅವನು ವರ್ಷಗಳಿಂದ ಬರೆಯುತ್ತಿರುವ ಒಂದು ದಾವೆಯ ಕರಡಿದೆ. ಅಮೆರಿಕದ ಅಪರಾಧ ನ್ಯಾಯ ವ್ಯವಸ್ಥೆಯನ್ನೇ ಅದು ಬದಲಿಸಬಲ್ಲದೆಂಬುದು ಅವನ ನಂಬಿಕೆ.

ಕರಡಿನ ಗುರಿ ‘ಪ್ಲೀ ಬಾರ್ಗೇನಿಂಗ್’, ಅಂದರೆ ತಪ್ಪೊಪ್ಪಿಗೆಯ ಚೌಕಾಸಿ. ಆರೋಪಿ ವಿಚಾರಣೆಯ ಹಕ್ಕನ್ನು ಬಿಟ್ಟುಕೊಟ್ಟು ತಪ್ಪೊಪ್ಪಿಕೊಂಡರೆ ಸರ್ಕಾರಿ ವಕೀಲರು ಆರೋಪವನ್ನೋ ಶಿಕ್ಷೆಯನ್ನೋ ಕಡಿಮೆ ಮಾಡುತ್ತಾರೆ. ಕೇಳಲು ಇದು ರಿಯಾಯಿತಿ. ಆದರೆ ಒಪ್ಪದಿದ್ದರೆ? 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನೋಡಿ. ಕೆಂಟಕಿ ರಾಜ್ಯದ ಪಾಲ್ ಹೇಯ್ಸ್ ಎಂಬಾತನ ಮೇಲಿದ್ದುದು 88 ಡಾಲರ್ 30 ಸೆಂಟಿನ ನಕಲಿ ಚೆಕ್ಕಿನ ಆರೋಪ. ತಪ್ಪೊಪ್ಪಿಕೊಂಡರೆ ಐದು ವರ್ಷದ ಶಿಕ್ಷೆಗೆ ಶಿಫಾರಸು ಮಾಡುವೆ, ಇಲ್ಲದಿದ್ದರೆ ರೂಢಿಗತ ಅಪರಾಧಿ ಎಂಬ ಕಾನೂನಿನಡಿ ಹೊಸ ಆರೋಪ ಹೊರಿಸುವೆ ಎಂದರು ಸರ್ಕಾರಿ ವಕೀಲರು. ಹೇಯ್ಸ್ ವಿಚಾರಣೆ ಬೇಕೆಂದ. ಸಿಕ್ಕಿದ್ದು ಜೀವಾವಧಿ. ಇದರಲ್ಲಿ ಸಂವಿಧಾನದ ಉಲ್ಲಂಘನೆಯಿಲ್ಲವೆಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ಅದೇ ನ್ಯಾಯಾಲಯ 2012ರ ಒಂದು ತೀರ್ಪಿನಲ್ಲಿ ನೆನಪಿಸಿದಂತೆ, ಕೇಂದ್ರೀಯ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಶೇ. 97 ಮಂದಿ, ರಾಜ್ಯ ನ್ಯಾಯಾಲಯಗಳಲ್ಲಿ ಶೇ. 94 ಮಂದಿ ತಪ್ಪೊಪ್ಪಿಗೆಯಿಂದಲೇ ಶಿಕ್ಷೆಗೊಳಗಾದವರು. ಸಿನಿಮಾಗಳಲ್ಲಿ ನಾವು ಕಾಣುವ ಜ್ಯೂರಿ, ಪಾಟೀಸವಾಲು, ರೋಮಾಂಚಕಾರಿ ವಾದಗಳೆಲ್ಲ ಉಳಿದ ಬೆರಳೆಣಿಕೆಯ ಮಂದಿಗೆ ಮಾತ್ರ.

ನಮ್ಮ ದೇಶದಲ್ಲೂ ಈ ಪದ್ಧತಿಗೆ 2005ರ ತಿದ್ದುಪಡಿಯ ಮೂಲಕ ಕಾನೂನಿನಲ್ಲಿ ಜಾಗ ಸಿಕ್ಕಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆದರೆ ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸದು, ಬಳಕೆಯೂ ತೀರಾ ಕಡಿಮೆ. ಆದ್ದರಿಂದ ನಮ್ಮ ಪ್ರೇಕ್ಷಕನಿಗೆ ರೋಮನ್‌ನ ಸಿಟ್ಟು ತಕ್ಷಣ ಅರ್ಥವಾಗಲಿಕ್ಕಿಲ್ಲ. ಅಲ್ಲಿ ಬಡ ಆರೋಪಿಯೊಬ್ಬನ ಭವಿಷ್ಯ ನಿರ್ಧಾರವಾಗುವುದು ನ್ಯಾಯಾಧೀಶರ ಮುಂದಲ್ಲ, ಕಾರಿಡಾರಿನಲ್ಲಿ ಇಬ್ಬರು ವಕೀಲರ ನಡುವಿನ ಕೆಲವು ನಿಮಿಷಗಳ ಮಾತಿನಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಈ ಚಿತ್ರ ನೋಡಬೇಕು.

ಜಾಕ್ಸನ್ ಹೃದಯಾಘಾತದಿಂದ ಹಾಸಿಗೆ ಹಿಡಿದಾಗ ರೋಮನ್ ಮೊದಲ ಬಾರಿಗೆ ಕೋರ್ಟಿಗೆ ಹೋಗಬೇಕಾಗುತ್ತದೆ. ವಾಯಿದೆ ಕೇಳಿ ಬರಬೇಕಾದ ಕೆಲಸವಷ್ಟೇ. ಇವನು ನ್ಯಾಯಾಧೀಶರೊಂದಿಗೆ ವಾದಕ್ಕಿಳಿದು ನ್ಯಾಯಾಂಗ ನಿಂದನೆಯ ದಂಡ ಕಟ್ಟುತ್ತಾನೆ. ಹಿರಿಯರು ಮತ್ತೆ ಏಳುವುದಿಲ್ಲ. ಕಚೇರಿ ಸಾಲದಲ್ಲಿದೆ, ಮುಚ್ಚುವುದೇ ದಾರಿ. ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದರೆ ಅಲ್ಲಿ ಸಂಬಳ ಕೊಡುವ ಹುದ್ದೆಯಿಲ್ಲ. ಯುವ ಕಾರ್ಯಕರ್ತರ ಸಭೆಯಲ್ಲಿ, ಹೆಂಗಸರು ನಿಂತಿರುವಾಗ ಗಂಡಸರು ಕುಳಿತಿರುವುದು ಸರಿಯಲ್ಲವೆಂದು ಹೇಳಿ ಬೈಸಿಕೊಳ್ಳುತ್ತಾನೆ. ಅವನ ಕಾಲದ ಸೌಜನ್ಯ ಇವರ ಕಾಲಕ್ಕೆ ಅವಮಾನ. ಚಳವಳಿಗಾಗಿ ಮನೆಮಠ ಮಾಡಿಕೊಳ್ಳದವನನ್ನು ಚಳವಳಿಯೇ ಗುರುತಿಸದೆ ಹೋಗುವ ಈ ದೃಶ್ಯ ಚಿತ್ರದ ಅತ್ಯಂತ ನೋವಿನ ದೃಶ್ಯಗಳಲ್ಲೊಂದು. ಕೊನೆಗೆ ಅವನಿಗೆ ಕೆಲಸ ಕೊಡುವವನು ಜಾಕ್ಸನ್‌ರ ಹಳೆಯ ವಿದ್ಯಾರ್ಥಿ, ಈಗ ದೊಡ್ಡ ಶುಲ್ಕದ ಕ್ರಿಮಿನಲ್ ವಕೀಲನಾಗಿರುವ ಜಾರ್ಜ್ ಪಿಯರ್ಸ್ (ಕಾಲಿನ್ ಫ್ಯಾರೆಲ್).

ಇಲ್ಲಿ ಸಿಗುತ್ತಾನೆ ಡೆರೆಲ್ ಎಲ್ಲರ್ಬಿ. ಅಂಗಡಿಯ ಗುಮಾಸ್ತನೊಬ್ಬನ ಕೊಲೆಯಲ್ಲಿ ಆರೋಪಿಯಾದ ಎಳೆಯ ಹುಡುಗ. ಗುಂಡು ಹಾರಿಸಿದವನು ತನ್ನ ಜೊತೆಗಿದ್ದ ಕಾರ್ಟರ್ ಜಾನ್ಸನ್, ಅವನು ಅಡಗಿರುವ ಜಾಗ ತನಗೆ ಗೊತ್ತು, ಹೇಳಲು ಸಿದ್ಧನಿದ್ದೇನೆ ಎನ್ನುತ್ತಾನೆ. ರೋಮನ್ ಕಚೇರಿಯ ಒಪ್ಪಿಗೆ ಪಡೆಯದೆ ಸರ್ಕಾರಿ ವಕೀಲೆಗೆ ಫೋನ್ ಮಾಡುತ್ತಾನೆ. ಆಕೆ ಮುಂದಿಡುವ ಶಿಕ್ಷೆ ಅವನಿಗೆ ಅನ್ಯಾಯವೆನಿಸುತ್ತದೆ. ಫೋನಿನಲ್ಲೇ ವ್ಯಂಗ್ಯವಾಡುತ್ತಾನೆ. ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಬಳಿಕ ಡೆರೆಲ್ ಜೈಲಿನೊಳಗೆ ಕೊಲೆಯಾಗುತ್ತಾನೆ.

ಕೆಲಸ ಹೋಗಿದೆ, ಹಿರಿಯರು ಹೋಗಿದ್ದಾರೆ, ನಂಬಿ ಬಂದ ಕಕ್ಷಿದಾರ ಸತ್ತಿದ್ದಾನೆ. ಅದರ ಮೇಲೆ ರಸ್ತೆಯಲ್ಲಿ ಯಾರೋ ಹೊಡೆದು ಅವನನ್ನು ದೋಚುತ್ತಾರೆ. ಕೊಲೆಗಾರನ ಸುಳಿವಿಗೆ ಗುಮಾಸ್ತನ ಸಮುದಾಯದವರಾದ ಅರ್ಮೇನಿಯನ್ನರು ಒಂದು ಲಕ್ಷ ಡಾಲರ್ ಬಹುಮಾನ ಘೋಷಿಸಿದ್ದಾರೆ. ರೋಮನ್ ಹೆಸರು ಹೇಳದೆ ಸುಳಿವು ಕೊಟ್ಟು ಹಣ ಪಡೆಯುತ್ತಾನೆ. ಕಡಲ ತೀರಕ್ಕೆ ಹೋಗುತ್ತಾನೆ, ಡೋನಟ್ ತಿನ್ನುತ್ತಾನೆ, ಹೊಸ ಸೂಟು ಹೊಲಿಸುತ್ತಾನೆ, ತಲೆಗೂದಲು ಸರಿಪಡಿಸಿಕೊಳ್ಳುತ್ತಾನೆ, ಎತ್ತರದ ಕಟ್ಟಡದಲ್ಲಿ ಮನೆ ನೋಡುತ್ತಾನೆ. ಒಂದು ಆಯುಷ್ಯದ ತ್ಯಾಗಕ್ಕೆ ಸಿಕ್ಕ ಸುಖದ ಪಟ್ಟಿ ಇಷ್ಟೇ! ವಾಷಿಂಗ್ಟನ್ ಇಲ್ಲಿ ದುಷ್ಟನಾಗುವುದಿಲ್ಲ, ರಜೆ ಸಿಕ್ಕ ಶಾಲಾ ಹುಡುಗನಂತಾಗುತ್ತಾನೆ. ಈ ಪಾತ್ರಕ್ಕೆ ಅವರು 2018ರಲ್ಲಿ ಆಸ್ಕರ್‌ಗೆ ನಾಮಕರಣಗೊಂಡದ್ದು ನ್ಯಾಯವೇ. ಆದರ್ಶವಾದಿಯನ್ನು ಕೆಡಿಸಿದ್ದು ದುರಾಸೆಯಲ್ಲ, ದಣಿವು ಎಂಬುದನ್ನು ಒಂದು ಮಾತೂ ಇಲ್ಲದೆ ಅವರು ತೋರಿಸುತ್ತಾರೆ.

ಇದು ಎಂಥ ತಪ್ಪು? ಸಾಮಾನ್ಯ ಪ್ರೇಕ್ಷಕ ಕೇಳಬಹುದು: ಕೊಲೆಗಾರ ಸಿಕ್ಕಿಬಿದ್ದನಲ್ಲ, ಸತ್ತ ಗುಮಾಸ್ತನ ಮನೆಯವರಿಗೆ ನ್ಯಾಯ ದೊರೆಯಿತಲ್ಲ, ಕಕ್ಷಿದಾರನೂ ಬದುಕಿಲ್ಲ, ಇದರಿಂದ ಯಾರಿಗೆ ನಷ್ಟ? ಕಾನೂನಿನ ಉತ್ತರ ಸ್ಪಷ್ಟ. ತನಗೆ ಎಂಥ ಅಪಾಯ ಬಂದರೂ ಕಕ್ಷಿದಾರನ ಗುಟ್ಟನ್ನು ಕಾಪಾಡಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು ವಕೀಲನಿಗೆ ಹೇಳುತ್ತದೆ. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗಿರುವ ರಕ್ಷಣೆ ಕಕ್ಷಿದಾರ ಸತ್ತ ಮೇಲೂ ಉಳಿಯುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪಿತ್ತಿದೆ. ಸತ್ತ ಮೇಲೆ ಗುಟ್ಟು ಬಯಲಾಗುವುದೆಂದಾದರೆ ಬದುಕಿರುವವರು ವಕೀಲರ ಮುಂದೆ ಬಾಯಿ ಬಿಡುವುದಿಲ್ಲ. ಬಡವನಿಗೆ ಜಗತ್ತಿನಲ್ಲಿ ನಂಬಿ ಮಾತಾಡಲು ಉಳಿದ ಏಕೈಕ ಕಿವಿ ವಕೀಲನದು. ಅದೂ ಮಾರಾಟಕ್ಕಿದೆ ಎಂದಾದರೆ?

ಆದರೆ ನನಗೆ ಕಾಣುವ ತಪ್ಪು ಇದಕ್ಕಿಂತ ಆಳದ್ದು. ಜೈಲಿನಲ್ಲಿ ಕುಳಿತ ಡೆರೆಲ್‌ನ ಬಳಿ ಹಣವಿರಲಿಲ್ಲ, ವಶೀಲಿಯಿರಲಿಲ್ಲ. ಇದ್ದ ಒಂದೇ ಆಸ್ತಿ ಆ ಸುಳಿವು. ಅದನ್ನು ಕೊಟ್ಟು ತನ್ನ ಬದುಕಿನ ಕೆಲವು ವರ್ಷಗಳನ್ನು ಬಿಡಿಸಿಕೊಳ್ಳಲು ಅವನು ಬಯಸಿದ್ದ. ರೋಮನ್‌ನ ಕೈಯಲ್ಲಿ ಆ ವ್ಯವಹಾರ ಮುರಿಯಿತು. ಹುಡುಗ ಸತ್ತ ಮೇಲೆ ಅದೇ ಆಸ್ತಿಯನ್ನು ಅದೇ ವಕೀಲ ತನ್ನ ಹೆಸರಿಗೆ ಮಾರಿಕೊಂಡ. ಚೌಕಾಸಿಯ ವಿರುದ್ಧ ದಾವೆ ಬರೆಯುತ್ತಿದ್ದವನು ಸ್ವತಃ ಚೌಕಾಸಿಗಿಳಿದ, ಸತ್ತವನ ಸರಕು ಇಟ್ಟುಕೊಂಡು.

ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದರೆ, ಮೊದಲ ತಪ್ಪು ಹಣ ಪಡೆದದ್ದೂ ಅಲ್ಲ. ಅದು ಆ ಫೋನ್ ಕರೆ. ಸರ್ಕಾರಿ ವಕೀಲೆ ಒಂದು ಮಾತು ಮುಂದಿಟ್ಟಾಗ ರೋಮನ್ ಅಲ್ಲೇ ಉತ್ತರ ಕೊಟ್ಟುಬಿಟ್ಟ. ಅದು ಕೆಟ್ಟ ವ್ಯವಹಾರವೇ ಇರಬಹುದು. ಆದರೆ ಬೇಡವೆನ್ನುವ ಹಕ್ಕು ಇದ್ದುದು ಆ ಶಿಕ್ಷೆ ಅನುಭವಿಸಬೇಕಾದ ಹುಡುಗನಿಗೆ. ಮೇಲೆ ಹೇಳಿದ 2012ರ ತೀರ್ಪಿನ ತಿರುಳೂ ಇದೇ: ಸರ್ಕಾರಿ ವಕೀಲರ ಔಪಚಾರಿಕ ಪ್ರಸ್ತಾಪವನ್ನು ಆರೋಪಿಗೆ ತಿಳಿಸುವುದು ವಕೀಲನ ಕರ್ತವ್ಯ. ವ್ಯವಸ್ಥೆಯನ್ನೇ ದ್ವೇಷಿಸುತ್ತಿದ್ದ ರೋಮನ್‌ಗೆ ಆ ಕ್ಷಣದಲ್ಲಿ ಕಂಡದ್ದು ವ್ಯವಸ್ಥೆ ಮಾತ್ರ, ಡೆರೆಲ್ ಅಲ್ಲ. ಅವನ ಆದರ್ಶ ಶುದ್ಧವಾಗಿಯೇ ಉಳಿಯಿತು. ಬೆಲೆ ತೆತ್ತವನು ಬೇರೆಯವನು. ದಶಕಗಳ ಕಾಲ ಕೋಣೆಯೊಳಗೆ ಕಾಗದದೊಂದಿಗೆ ಮಾತ್ರ ಬದುಕಿದವನ ಆದರ್ಶಕ್ಕೆ ಈ ಅಪಾಯ ಇದ್ದೇ ಇರುತ್ತದೆ. ಅದು ಎಲ್ಲ ಮನುಷ್ಯರನ್ನು ಪ್ರೀತಿಸುತ್ತದೆ, ಎದುರಿಗಿರುವ ಒಬ್ಬನನ್ನು ಮರೆಯುತ್ತದೆ.

ಹಾಗೆಂದು ರೋಮನ್ ನಿರ್ದಯನಲ್ಲ. ರಸ್ತೆಯಲ್ಲಿ ಸತ್ತಂತೆ ಬಿದ್ದಿದ್ದ ನಿರ್ಗತಿಕನೊಬ್ಬ ಅನಾಥ ಶವವಾಗಿ ಸುಟ್ಟುಹೋಗಬಾರದೆಂದು ತನ್ನ ವಿಸಿಟಿಂಗ್ ಕಾರ್ಡನ್ನು ಅವನಲ್ಲಿರಿಸುವವನು ಇವನೇ. ಅದಕ್ಕೇ ಅವನ ಪತನ ನಮ್ಮನ್ನು ಕಲಕುತ್ತದೆ. ನಿರ್ದೇಶಕರು ಇಲ್ಲೊಂದು ಒಳ್ಳೆಯ ಹೆಣಿಗೆ ಹೆಣೆದಿದ್ದಾರೆ. ರೋಮನ್ ಇಳಿಯುತ್ತಿರುವಾಗಲೇ ಅವನ ಹಳೆಯ ಮಾತುಗಳು ಬೇರೆಯವರಲ್ಲಿ ಮೊಳೆಯುತ್ತವೆ. ಸಂಘಟನೆಯ ಮಾಯಾ (ಕಾರ್ಮೆನ್ ಎಜೋಗೊ), ಸೋತು ಕೈಬಿಡಲಿದ್ದ ತನಗೆ ಮತ್ತೆ ಹುರುಪು ಬಂದದ್ದು ಅವನಿಂದಲೇ ಎನ್ನುತ್ತಾಳೆ. ಕೇಳುವ ಹೊತ್ತಿಗೆ ಅವನು ಆ ಹಣದಲ್ಲೇ ದುಬಾರಿ ಊಟ ಮಾಡುತ್ತಿದ್ದಾನೆ. ಹಣವೇ ಸರ್ವಸ್ವವೆಂದಿದ್ದ ಪಿಯರ್ಸ್, ಬಡವರಿಗೆ ಉಚಿತವಾಗಿ ವಾದಿಸುವ ವಿಭಾಗ ತೆರೆಯಲು ಮುಂದಾಗುತ್ತಾನೆ. ಹೇಳಿದವನು ಸೋತರೂ ಹೇಳಿದ ಮಾತು ಸೋಲಬೇಕಿಲ್ಲ ಎಂಬ ಈ ಭಾಗ ಚಿತ್ರದ ನಿಜವಾದ ಸಾಧನೆ.

ಹೊಸ ಕಕ್ಷಿದಾರನಾಗಿ ಎದುರಿಗೆ ಬಂದು ಕೂರುವವನು ಸ್ವತಃ ಕಾರ್ಟರ್ ಜಾನ್ಸನ್. ಸುಳಿವು ಕೊಟ್ಟವನು ಯಾರೆಂದು ಅವನಿಗೆ ಗೊತ್ತಾಗಿದೆ. ಭಯದಿಂದ ಓಡಿದ ರೋಮನ್ ಕೊನೆಗೆ ನಿಲ್ಲುತ್ತಾನೆ, ಉಳಿದ ಹಣ ಹಿಂದಿರುಗಿಸುತ್ತಾನೆ, ಪಿಯರ್ಸ್‌ನ ಮುಂದೆ ಎಲ್ಲವನ್ನೂ ಹೇಳಿ ಪೊಲೀಸರಿಗೆ ಶರಣಾಗಲು ಹೊರಡುತ್ತಾನೆ. ದಾರಿಯಲ್ಲಿ ಗುಂಡೇಟಿಗೆ ಬಲಿಯಾಗುತ್ತಾನೆ. ಅವನ ಕರಡನ್ನು ಪಿಯರ್ಸ್ ಫೆಡರಲ್ ನ್ಯಾಯಾಲಯಕ್ಕೆ ಸಲ್ಲಿಸುವಲ್ಲಿಗೆ ಚಿತ್ರ ಮುಗಿಯುತ್ತದೆ.

ನನ್ನ ತಕರಾರು ಇರುವುದು ಈ ಅಂತ್ಯದ ಬಗ್ಗೆ. ಪಶ್ಚಾತ್ತಾಪಪಟ್ಟವನನ್ನು ಕೂಡಲೇ ಕೊಂದುಬಿಡುವುದು ಕಥೆಗಾರನಿಗೆ ಸುಲಭದ ದಾರಿ. ಸನ್ನದು ಕಳೆದುಕೊಂಡು, ಡೆರೆಲ್‌ನ ಮನೆಯವರ ಮುಖ ನೋಡುತ್ತ ಬದುಕುವುದು ಸಾವಿಗಿಂತ ಕಠಿಣ. ಪಶ್ಚಾತ್ತಾಪದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ಮರಣ ಅವನನ್ನು ಹುತಾತ್ಮನನ್ನಾಗಿಸಿ ಆ ಪರೀಕ್ಷೆಯಿಂದ ಪಾರುಮಾಡುತ್ತದೆ. ಎರಡನೆಯದಾಗಿ, ಆ ಕರಡಿನಲ್ಲಿ ಏನಿತ್ತೆಂದು ನಮಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗುವುದಿಲ್ಲ. ಅದೊಂದು ಪವಿತ್ರ ಗಂಟಿನಂತೆ ಚೀಲದಲ್ಲೇ ಉಳಿಯುತ್ತದೆ. 2010ರಲ್ಲಿ ನ್ಯೂಯಾರ್ಕಿನ ಕಲೀಫ್ ಬ್ರೌಡರ್ ಎಂಬ 16ರ ಹುಡುಗ ಬ್ಯಾಗು ಕದ್ದ ಆರೋಪದಲ್ಲಿ ಬಂಧಿತನಾಗಿ, 3,000 ಡಾಲರ್ ಜಾಮೀನು ಕಟ್ಟಲಾಗದೆ, ತಪ್ಪೊಪ್ಪಿಕೊಳ್ಳಲೂ ಒಪ್ಪದೆ ರೈಕರ್ಸ್ ದ್ವೀಪದ ಜೈಲಿನಲ್ಲಿ ಸುಮಾರು ಮೂರು ವರ್ಷ ಕಳೆದ. ವಿಚಾರಣೆಯೇ ನಡೆಯಲಿಲ್ಲ. 2013ರಲ್ಲಿ ಆರೋಪ ಕೈಬಿಟ್ಟರು. 2015ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ರೋಮನ್‌ನ ಚೀಲ ತೆರೆದಿದ್ದರೆ ಹೊರಬರುತ್ತಿದ್ದುದು ಇಂಥ ಹುಡುಗರು. ಒಬ್ಬ ವಕೀಲನ ಒಂದು ಲಕ್ಷ ಡಾಲರಿನ ರಾಜಿ ನಮಗೆ ಕಣ್ಣಿಗೆ ಹೊಡೆಯುತ್ತದೆ. ಯಾವ ಕಾನೂನನ್ನೂ ಮುರಿಯದೆ, ಯಾರ ಆತ್ಮಸಾಕ್ಷಿಯನ್ನೂ ಚುಚ್ಚದೆ ದಿನವೂ ನಡೆಯುವ ಸಾವಿರಾರು ರಾಜಿಗಳು ಕಾಣುವುದಿಲ್ಲ. ಅವುಗಳನ್ನು ಕಾಣಿಸುವ ಅವಕಾಶ ಈ ಚಿತ್ರಕ್ಕಿತ್ತು.

ಆದರೂ ಇದು ನೋಡಲೇಬೇಕಾದ ಚಿತ್ರ. ಒಳ್ಳೆಯ ಮನುಷ್ಯ ಹೇಗೆ ಕೆಡುತ್ತಾನೆಂಬುದನ್ನು ಅದು ತಿರಸ್ಕಾರವಿಲ್ಲದೆ ಹೇಳುತ್ತದೆ. ತನ್ನ ತಪ್ಪನ್ನು ಬೇರೆಯವರು ಹುಡುಕುವ ಮೊದಲು ತಾನೇ ವಾದಿಯಾಗಿ, ತಾನೇ ಪ್ರತಿವಾದಿಯಾಗಿ ನಿಲ್ಲುವ ಧೈರ್ಯ ಎಷ್ಟು ಮಂದಿಗಿದೆ? ರೋಮನ್ ತನ್ನ ಮೇಲೆ ಹೂಡಿಕೊಂಡ ದಾವೆಯಲ್ಲಿ ಕಾಣಬೇಕಿದ್ದ ಮೊದಲ ಹೆಸರು ಮಾತ್ರ ಡೆರೆಲ್ ಎಲ್ಲರ್ಬಿ. ಚಿತ್ರ ಮುಗಿಯುವ ಹೊತ್ತಿಗೆ ಪ್ರೇಕ್ಷಕರಾದ ನಾವೂ ಅವನನ್ನು ಮರೆತಿದ್ದರೆ, ಆ ದಾವೆಯಲ್ಲಿ ನಾವೂ ಪ್ರತಿವಾದಿಗಳೇ.