ಪ್ರಯಾಣದ ಸಿಪ್ಯಾಪ್ ಯಂತ್ರ: ತೂಕವೊಂದೇ ಅಳತೆಗೋಲೇ?

ನಿದ್ರೆಯಲ್ಲಿ ಗಂಟಲಿನ ಮೃದು ಭಾಗಗಳು ಸಡಿಲಗೊಂಡು ಶ್ವಾಸಮಾರ್ಗವನ್ನು ಮತ್ತೆ ಮತ್ತೆ ಮುಚ್ಚುವ ತೊಂದರೆಯೇ ‘ಸ್ಲೀಪ್ ಆಪ್ನಿಯ’. ಜೋರಾದ ಗೊರಕೆ, ಹಗಲಿನ ತೂಕಡಿಕೆ ಇದರ ಸಾಮಾನ್ಯ ಲಕ್ಷಣಗಳು. ಮೂಗಿನ ಮೂಲಕ ಸತತವಾಗಿ ಗಾಳಿಯ ಒತ್ತಡ ನೀಡಿ ಈ ಮಾರ್ಗವನ್ನು ತೆರೆದಿಡಬಹುದೆಂದು 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ತೋರಿಸಿದರು. ಇಂದಿನ ಸಿಪ್ಯಾಪ್ ಯಂತ್ರದ ತತ್ತ್ವವೂ ಅದೇ. ಇದನ್ನು ಪ್ರತಿ ರಾತ್ರಿ ಬಳಸಬೇಕಾದ್ದರಿಂದ ಪರಊರಿಗೆ ಹೋಗುವಾಗಲೂ ಒಯ್ಯಬೇಕು. ಅದಕ್ಕೆಂದೇ ಅಂಗೈ ಗಾತ್ರದ ಯಂತ್ರಗಳು ಮಾರುಕಟ್ಟೆಗೆ ಬಂದಿವೆ. ಅವುಗಳ ಪ್ರಚಾರಪತ್ರಗಳಲ್ಲಿ ಎದ್ದುಕಾಣುವ ಸಂಖ್ಯೆ ತೂಕ. ಆದರೆ ಆಯ್ಕೆಯನ್ನು ತೀರ್ಮಾನಿಸಬೇಕಾದ ಸಂಖ್ಯೆ ಬೇರೊಂದಿದೆ. ಅದು ಒಂದು ರಾತ್ರಿಗೆ ಬೇಕಾಗುವ ಶಕ್ತಿ.

ಮೊದಲು ತೂಕವನ್ನೇ ನೋಡೋಣ. ರೆಸ್‌ಮೆಡ್ ಕಂಪನಿ 2017ರಲ್ಲಿ ಹೊರತಂದ ಏರ್‌ಮಿನಿಯ ತೂಕ 300 ಗ್ರಾಂ. ಅದೇ ಕಂಪನಿಯ ಮನೆಬಳಕೆಯ ಏರ್‌ಸೆನ್ಸ್ 10, ಗಾಳಿಗೆ ತೇವ ಸೇರಿಸುವ ಭಾಗವೂ ಸೇರಿ, ಸುಮಾರು ಒಂದೂಕಾಲು ಕಿಲೋಗ್ರಾಂ. ಅಂದರೆ ಉಳಿತಾಯ ಒಂದು ಕಿಲೋಗ್ರಾಂಗಿಂತ ಕಡಿಮೆ. ಅಡಾಪ್ಟರ್, ಕೊಳವೆ, ಮುಖವಾಡ, ಬ್ಯಾಟರಿ ಇವುಗಳ ತೂಕ ಆ 300 ಗ್ರಾಂಗಳಲ್ಲಿ ಸೇರಿಲ್ಲ.

ಇನ್ನು ಶಕ್ತಿಯ ಲೆಕ್ಕ. ಯಂತ್ರಗಳ ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂ.ಮೀ. ನೀರಿನ ಕಂಬಕ್ಕೆ ಸಮ. 10 ಸೆಂ.ಮೀ. ಎಂದರೆ ಸುಮಾರು 980 ಪಾಸ್ಕಲ್, ವಾಯುಮಂಡಲದ ಒತ್ತಡದ ನೂರರಲ್ಲೊಂದು ಪಾಲು. ಮುಖವಾಡದ ರಂಧ್ರಗಳಿಂದ ನಿಮಿಷಕ್ಕೆ 36 ಲೀಟರ್ ಗಾಳಿ ಹೊರಹೋಗುತ್ತದೆ ಎಂದಿಟ್ಟುಕೊಂಡರೆ, ಒತ್ತಡ ಮತ್ತು ಹರಿವಿನ ಗುಣಲಬ್ಧ 0.6 ವ್ಯಾಟ್ ಮಾತ್ರ. ಮೋಟಾರಿನ ಮತ್ತು ವಿದ್ಯುನ್ಮಂಡಲದ ನಷ್ಟಗಳನ್ನು ಕೂಡಿಸಿ 8 ವ್ಯಾಟ್ ಎಂದುಕೊಳ್ಳೋಣ. ಎಂಟು ಗಂಟೆಯ ನಿದ್ರೆಗೆ 64 ವ್ಯಾಟ್-ಗಂಟೆ ಸಾಕು.

ಆದರೆ ಒಣಗಾಳಿ ಮೂಗು, ಗಂಟಲನ್ನು ಒಣಗಿಸುತ್ತದೆ. ಲೀಟರ್ ಗಾಳಿಗೆ 10 ಮಿಲಿಗ್ರಾಂನಂತೆ ಆವಿ ಸೇರಿಸಬೇಕೆಂದರೆ ಸೆಕೆಂಡಿಗೆ 6 ಮಿಲಿಗ್ರಾಂ ನೀರು ಆವಿಯಾಗಬೇಕು. ಗುಪ್ತೋಷ್ಣವನ್ನು ಗ್ರಾಂಗೆ 2400 ಜೂಲ್ ಎಂದು ಹಿಡಿದರೆ 14 ವ್ಯಾಟ್‌ಗೂ ಹೆಚ್ಚು, ಎಂಟು ಗಂಟೆಗೆ 115 ವ್ಯಾಟ್-ಗಂಟೆ. ಗಾಳಿ ಬೀಸುವುದಕ್ಕಿಂತ ನೀರನ್ನು ಆವಿ ಮಾಡುವುದೇ ದುಬಾರಿ! ವಿಮಾನದ ಕ್ಯಾಬಿನ್‌ನಲ್ಲಿ ಸಂಸ್ಥೆಯ ಅನುಮತಿಯಿಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. ಪುಟ್ಟ ಯಂತ್ರಗಳು ನೀರಿನ ತೊಟ್ಟಿಯನ್ನು ಕೈಬಿಟ್ಟಿದ್ದರ ಒಂದು ಲಾಭ ಇಲ್ಲಿದೆ. ಏರ್‌ಮಿನಿಯಲ್ಲಿ ಹೊರಬಿಟ್ಟ ಉಸಿರಿನ ತೇವವನ್ನು ಹಿಡಿದು ಮರಳಿ ಕೊಡುವ ಸಣ್ಣ ಬಿಲ್ಲೆಯಿದೆ. ಉಪಾಯ ಸೊಗಸಾಗಿದೆ. ಆದರೆ ಬಾಯಿಂದ ಉಸಿರು ಸೋರುವವರಿಗೆ ಅದರ ಪ್ರಯೋಜನ ಕಡಿಮೆ. ತೇವವು ಬಿಲ್ಲೆಯನ್ನು ತಲಪುವುದೇ ಇಲ್ಲ. ಅಲ್ಲದೆ ಈ ಯಂತ್ರಕ್ಕೆ ಹೊಂದುವ ಮುಖವಾಡಗಳು ಕೆಲವೇ. ಇವೆರಡನ್ನೂ ತೂಕದಷ್ಟೇ ದೊಡ್ಡ ಅಕ್ಷರಗಳಲ್ಲಿ ಹೇಳಬೇಕಿತ್ತು.

ಸದ್ದಿನ ವಿಷಯವೂ ಹೀಗೆಯೇ. 980 ಪಾಸ್ಕಲ್ ಒತ್ತಡಕ್ಕೆ ಬೀಸಣಿಗೆಯ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿ ಚಲಿಸಬೇಕು. ವ್ಯಾಸ 4 ಸೆಂ.ಮೀ. ಆದರೆ ನಿಮಿಷಕ್ಕೆ 14,000ಕ್ಕೂ ಹೆಚ್ಚು ಸುತ್ತು. ಬೀಸಣಿಗೆ ಚಿಕ್ಕದಾದಷ್ಟೂ ಸುತ್ತು ಹೆಚ್ಚು, ಸ್ವರ ಕೀರಲು. ಈ ಸದ್ದನ್ನು ಅಡಗಿಸುವ ವಸ್ತುವೂ ಮುಖ್ಯ. 2021ರಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆದದ್ದು ಸದ್ದು ತಗ್ಗಿಸುವ ಪಾಲಿಯುರೆಥೇನ್ ನೊರೆ ಶಿಥಿಲಗೊಂಡು ಗಾಳಿಯ ಹಾದಿಗೆ ಸೇರಬಹುದೆಂಬ ಕಾರಣಕ್ಕೆ. ಅವುಗಳಲ್ಲಿ ಪ್ರಯಾಣದ ಮಾದರಿಯಾದ ಡ್ರೀಮ್‌ಸ್ಟೇಷನ್ ಗೋ ಸಹ ಇತ್ತು. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಇದನ್ನು ಮರೆಯಬಾರದು.

ಎತ್ತರದ ಊರುಗಳಲ್ಲಿ ಗಾಳಿ ವಿರಳ. ಅಷ್ಟೇ ಒತ್ತಡಕ್ಕೆ ಬೀಸಣಿಗೆ ಇನ್ನೂ ವೇಗವಾಗಿ ತಿರುಗಬೇಕು. ಏರ್‌ಮಿನಿಗೆ ತಯಾರಕರು ಹಾಕಿರುವ ಮಿತಿ ಸುಮಾರು 2,600 ಮೀಟರ್. ಊಟಿಗೆ ಅಡ್ಡಿಯಿಲ್ಲ, 3,500 ಮೀಟರ್ ಎತ್ತರದ ಲೇಹ್ ಅದರ ಆಚೆಗಿದೆ.

ಈಗ ನಮ್ಮ ಕಡೆಯ ಪ್ರಯಾಣಕ್ಕೆ ಬರೋಣ. ಬೈರಾಪಟ್ಟಣದ ಅಧ್ಯಾಪಕರೊಬ್ಬರು ಬೆಂಗಳೂರಿಗೆ ಬಂದು, ರಾತ್ರಿ ರೈಲಿನಲ್ಲಿ ಬೀದರಿಗೆ ಹೋಗುತ್ತಾರೆನ್ನಿ. ಬೆಂಕಿ ಅವಘಡ ತಪ್ಪಿಸಲು ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಸಾಕೆಟ್‌ಗಳಿಗೆ ವಿದ್ಯುತ್ ನಿಲ್ಲಿಸುವ ಕ್ರಮವನ್ನು ರೈಲ್ವೆ 2021ರಲ್ಲಿ ಪ್ರಕಟಿಸಿತು. ಯಂತ್ರ ಬೇಕಾಗುವುದು ಸರಿಯಾಗಿ ಆ ಹೊತ್ತಿನಲ್ಲೇ. ಆದ್ದರಿಂದ ಬ್ಯಾಟರಿಯಿಲ್ಲದ 300 ಗ್ರಾಂ ಯಂತ್ರ ಅವರಿಗೆ ನಿರುಪಯೋಗಿ. ಮೊಬೈಲಿನ ಪವರ್ ಬ್ಯಾಂಕ್ ಸಾಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. 20,000 ಮಿಲಿಆಂಪಿಯರ್-ಗಂಟೆ ಎಂಬುದು 3.7 ವೋಲ್ಟ್ ಕೋಶದ ಲೆಕ್ಕ. ಗುಣಿಸಿದರೆ 74 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದರೆ ಮೇಲಿನ 64ಕ್ಕೆ ಅದು ಸಾಲುವುದು ಕಷ್ಟ. ಯಂತ್ರ ಕೇಳುವ ವೋಲ್ಟೇಜನ್ನು ಅದು ಕೊಡಬಲ್ಲದೇ ಎಂಬುದನ್ನೂ ನೋಡಬೇಕು.

ವರ್ಷಕ್ಕೆ ಒಂದೆರಡು ಸಲ ವಿದ್ಯುತ್ ಇರುವ ನೆಂಟರ ಮನೆಗೆ ಹೋಗುವವರಿಗೆ ಮನೆಯ ಯಂತ್ರವೇ ಸಾಕು, ಎರಡನೆಯದಕ್ಕೆ ಹಣ ಸುರಿಯಬೇಕಿಲ್ಲ. ಮೇಲಿಂದ ಮೇಲೆ ಪ್ರಯಾಣ ಮಾಡುವವರು, ಬಾಯಿಯ ಸೋರಿಕೆ ಇಲ್ಲದವರು ಪುಟ್ಟ ಯಂತ್ರವನ್ನು ಧೈರ್ಯವಾಗಿ ಆರಿಸಬಹುದು. ಒತ್ತಡ ಎಷ್ಟಿರಬೇಕೆಂಬುದನ್ನು ಮಾತ್ರ ವೈದ್ಯರೇ ನಿಗದಿಪಡಿಸಬೇಕು. ಆ ಒತ್ತಡದಲ್ಲಿ ಒಂದು ರಾತ್ರಿಗೆ ಎಷ್ಟು ವ್ಯಾಟ್-ಗಂಟೆ ಬೇಕೆಂದು ಮಾರಾಟಗಾರರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೇಳಲಾರದವರ ಯಂತ್ರ ಎಷ್ಟೇ ಹಗುರವಾಗಿದ್ದರೂ ಅದನ್ನು ನಂಬಿ ರಾತ್ರಿ ರೈಲು ಹತ್ತುವುದು ಸರಿಯಲ್ಲ.