‘ನೆಟ್ ಬರ್ತಿಲ್ಲ’ ಎಂಬ ಒಂದೇ ವಾಕ್ಯ

ನಮ್ಮ ಹೊಳೆಹೊನ್ನೂರಿನಲ್ಲಿ ಲ್ಯಾಪ್‌ಟಾಪ್ ಯಾವ ರೀತಿ ಕೈಕೊಟ್ಟರೂ ಹೇಳುವ ಮಾತು ಒಂದೇ: ‘ನೆಟ್ ಬರ್ತಿಲ್ಲ.’ ವೈಫೈ ಕಾರ್ಡ್ ಸತ್ತಿದ್ದರೂ ಅದೇ ಮಾತು. ಕಾರ್ಡ್ ನೆಟ್ಟಗಿದ್ದು ರೂಟರ್ ವಿಳಾಸ ಕೊಡದಿದ್ದರೂ ಅದೇ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಬೀದಿಯ ಕೇಬಲ್ ಹರಿದಿದ್ದರೂ ಅದೇ. ಕೇಳಿಸಿಕೊಂಡವರ ಉತ್ತರವೂ ಒಂದೇ: ‘ಫಾರ್ಮ್ಯಾಟ್ ಹೊಡೆಸಿಬಿಡಿ.’ ಲಿನಕ್ಸ್ ಇರುವ ಯಂತ್ರವಾದರೆ ‘ವಿಂಡೋಸ್ ಹಾಕಿಸಿ’ ಎಂಬ ಸಲಹೆಯೂ ಅದರ ಜೊತೆಗೇ ಬರುತ್ತದೆ. ಒಂದು ಸಾಲಿನ ತಪ್ಪಿಗೆ ಇಡೀ ಡಿಸ್ಕ್ ಒರೆಸುವ ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಲಿನಕ್ಸ್ ತನ್ನ ನೆಟ್‌ವರ್ಕ್ ವ್ಯವಸ್ಥೆಯನ್ನು ಕಟ್ಟಿರುವ ಬಗೆಯಲ್ಲೂ ದೋಷಗಳಿವೆ. ಎರಡನ್ನೂ ಇಲ್ಲಿ ನೋಡಬೇಕೆಂದಿದ್ದೇನೆ.

ಭದ್ರಾ ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಬರದಿದ್ದರೆ ಯಾವ ರೈತನೂ ಗದ್ದೆಯನ್ನು ಅಗೆದು ಹೊಸದಾಗಿ ಮಾಡಲು ಹೋಗುವುದಿಲ್ಲ. ಏರಿಯ ಮೇಲೆ ನಡೆಯುತ್ತಾನೆ. ಹೊಲಗಾಲುವೆ ನೋಡುತ್ತಾನೆ, ತೂಬು ನೋಡುತ್ತಾನೆ, ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ಗುರುತು ಮಾಡಿಕೊಳ್ಳುತ್ತಾನೆ. ಕೆಲಸವಿರುವುದು ಆ ಎರಡರ ನಡುವಿನ ಜಾಗದಲ್ಲಿ ಮಾತ್ರ. ಲಿನಕ್ಸಿನಲ್ಲಿ ನೆಟ್‌ವರ್ಕ್ ದೋಷ ಹುಡುಕುವ ಒಳ್ಳೆಯ ವಿಧಾನವೂ ಹೀಗೆಯೇ ನಡೆಯುತ್ತದೆ. ಕಾರ್ಡ್ ಇದೆಯೆಂದು ಯಂತ್ರಕ್ಕೆ ಗೊತ್ತೇ, ಅದಕ್ಕೆ ಬೇಕಾದ ಡ್ರೈವರ್ ಮತ್ತು ಫರ್ಮ್‌ವೇರ್ ಸಿಕ್ಕಿವೆಯೇ, ರೇಡಿಯೊಗೆ ಬೀಗ ಬಿದ್ದಿದೆಯೇ, ರೂಟರ್ ವಿಳಾಸ ಕೊಟ್ಟಿತೇ, ಕೊನೆಗೆ ಜಾಲತಾಣದ ಹೆಸರು ಅಂಕಿಯ ವಿಳಾಸವಾಗಿ ಬದಲಾಗುತ್ತಿದೆಯೇ. ಈ ಒಂದೊಂದು ಪ್ರಶ್ನೆಗೂ ಒಂದೊಂದು ಚಿಕ್ಕ ಆಜ್ಞೆ ಇದೆ, ಪ್ರತಿಯೊಂದೂ ಸ್ಪಷ್ಟ ಉತ್ತರ ಕೊಡುತ್ತದೆ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಡೆಬಿಯನ್ ಎಂಬ ಲಿನಕ್ಸ್ ಇದ್ದ ನನ್ನ ಹಳೆಯ ಲ್ಯಾಪ್‌ಟಾಪ್ ಬೂಟ್ ಆಗುವಾಗ ಕಪ್ಪು ಪರದೆಯ ಮೇಲೆ ನಿಂತುಬಿಡುತ್ತಿತ್ತು. ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್ ರೈಸ್ ನೆಟ್‌ವರ್ಕ್ ಇಂಟರ್‌ಫೇಸಸ್’ ಎಂಬ ಸಾಲು, ಪಕ್ಕದಲ್ಲಿ ಓಡುವ ಸೆಕೆಂಡುಗಳು, ಅದಕ್ಕೆ 5 ನಿಮಿಷದ ಗಡಿ. ಗಡಿ ಮುಗಿದ ಮೇಲೆ ಲಾಗಿನ್ ಪರದೆ ಬರುತ್ತಿತ್ತು, ವೈಫೈಯೂ ಸಿಗುತ್ತಿತ್ತು. ಡಿಸ್ಕ್ ಹೋಗುವ ಮುನ್ಸೂಚನೆ ಎಂದು ಒಬ್ಬರು, ರ‍್ಯಾಮ್ ಸಾಲದು ಎಂದು ಇನ್ನೊಬ್ಬರು ಹೇಳಿದರು. ಎರಡು ತಿಂಗಳು ನಾನು ಅದನ್ನು ನಂಬಿಕೊಂಡೇ ಇದ್ದೆ.

ಕಾರಣ ಇದ್ದದ್ದು ‘ಇಂಟರ್‌ಫೇಸಸ್’ ಎಂಬ ಒಂದು ಸಣ್ಣ ಕಡತದಲ್ಲಿ. ಹಿಂದೊಮ್ಮೆ ಶಿವಮೊಗ್ಗದಲ್ಲಿ ಕೇಬಲ್ ಚುಚ್ಚಿ ಕೆಲಸ ಮಾಡುವಾಗ, ಎಲ್ಲಿಂದಲೋ ನಕಲು ಮಾಡಿದ ಎರಡು ಸಾಲನ್ನು ಅಲ್ಲಿ ಅಂಟಿಸಿದ್ದೆ. ತಂತಿಯ ಕಾರ್ಡನ್ನು ಬೂಟ್ ಹೊತ್ತಿಗೇ ಎಬ್ಬಿಸು, ಅದಕ್ಕೆ ವಿಳಾಸ ತರಿಸು ಎಂದು ಅವುಗಳ ಅರ್ಥ. ಸಾಲಿನ ಮೊದಲಿಗೆ ಇದ್ದ ಪದ ‘ಆಟೋ’. ಊರಿಗೆ ಬಂದ ಮೇಲೆ ಕೇಬಲ್ಲೇ ಇಲ್ಲ. ಆದರೂ ಯಂತ್ರ ಹೇಳಿದ ಮಾತಿಗೆ ನಿಷ್ಠೆಯಿಂದ, ಇಲ್ಲದ ಕೇಬಲ್ಲಿನ ತುದಿಯಲ್ಲಿ ಯಾರಾದರೂ ವಿಳಾಸ ಕೊಟ್ಟಾರು ಎಂದು ದಿನಾ ಬೆಳಿಗ್ಗೆ ಕಾಯುತ್ತಿತ್ತು. ‘ಆಟೋ’ ತೆಗೆದು ‘ಅಲೋ-ಹಾಟ್‌ಪ್ಲಗ್’ ಎಂದು ಬರೆದಿದ್ದರೂ ಸಾಕಿತ್ತು. ನಾನು ಎರಡೂ ಸಾಲು ಅಳಿಸಿದೆ. ಮರುದಿನದಿಂದ ಕಾಯುವುದು ನಿಂತಿತು.

ಈ ಪ್ರಸಂಗದಲ್ಲಿ ಲಿನಕ್ಸಿನ ಗುಣವೂ ದೋಷವೂ ಒಟ್ಟಿಗೆ ಇವೆ. ಗುಣವೆಂದರೆ, ಯಂತ್ರ ಏನನ್ನೂ ಮುಚ್ಚಿಡಲಿಲ್ಲ. ತಾನು ಯಾವ ಕೆಲಸಕ್ಕೆ ಕಾಯುತ್ತಿದ್ದೇನೆ ಎಂದು ಮೊದಲ ದಿನದಿಂದಲೇ ಪರದೆಯ ಮೇಲೆ ಬರೆದು ತೋರಿಸಿತ್ತು. ಲಾಗ್‌ನಲ್ಲೂ ಪ್ರತಿ ಯತ್ನವನ್ನು ವೇಳೆ ಸಮೇತ ದಾಖಲಿಸಿತ್ತು. ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆ ಕೊಟ್ಟರೆ ಅದೆಲ್ಲ ಕಣ್ಣೆದುರಿಗೆ. ಓದದೆ ಇದ್ದದ್ದು ನಾನು. ಇಷ್ಟು ವಿವರವಾದ ದಿನಚರಿಯನ್ನು ಸಾಮಾನ್ಯ ಬಳಕೆದಾರನ ಕೈಗೇ ಬಿಟ್ಟುಕೊಡುವುದು ಈ ವ್ಯವಸ್ಥೆಯ ಅತಿ ದೊಡ್ಡ ಸೌಜನ್ಯ ಎಂದು ನನ್ನ ತೀರ್ಮಾನ.

ದೋಷವೆಂದರೆ ಯಜಮಾನರು ಹೆಚ್ಚು. ಆ ಹಳೆಯ ಕಡತ ಓದುವ ವ್ಯವಸ್ಥೆ ಒಂದು. 2004ರಲ್ಲಿ ರೆಡ್ ಹ್ಯಾಟ್‌ನವರು ಶುರುಮಾಡಿದ, ನಮಗೆ ಮೂಲೆಯಲ್ಲಿ ವೈಫೈ ಚಿಹ್ನೆ ತೋರಿಸುವ ನೆಟ್‌ವರ್ಕ್‌ಮ್ಯಾನೇಜರ್ ಇನ್ನೊಂದು. ಬೂಟ್ ಹೊತ್ತಿನ ಕೆಲಸಗಳನ್ನು ನಡೆಸುವ ಸಿಸ್ಟಂಡಿಯ ಸ್ವಂತ ನೆಟ್‌ವರ್ಕ್‌ಡಿ ಮತ್ತೊಂದು. ಉಬುಂಟು ಇವುಗಳ ಮೇಲೆ ನೆಟ್‌ಪ್ಲಾನ್ ಎಂಬ ಹೊದಿಕೆಯನ್ನೂ ಹಾಸಿದೆ. ಡೆಬಿಯನ್‌ನಲ್ಲಿ ಹಳೆಯ ಕಡತದಲ್ಲಿ ಕಾರ್ಡಿನ ಹೆಸರಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಮುಟ್ಟುವುದಿಲ್ಲ, ‘ಅನ್‌ಮ್ಯಾನೇಜ್ಡ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಯಾರ ಸುಪರ್ದಿಯಲ್ಲಿದೆ, ಯಾಕೆ ಎಂದು ಅದೇ ಸಾಲಿನಲ್ಲಿ ಹೇಳಿದ್ದರೆ ಎಷ್ಟೋ ಜನರ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು. ಅಂಟಿಸುವ ರೂಢಿ ಅಪಾಯಕಾರಿಯಾಗುವುದೂ ಇಲ್ಲೇ. ಒಬ್ಬ ಯಜಮಾನನಿಗೆ ಬರೆದ ಆಜ್ಞೆಯನ್ನು ಇನ್ನೊಬ್ಬನ ಮನೆಯಲ್ಲಿ ಹೇಳಿ ಬರುತ್ತೇವೆ. ಅದು ಇವತ್ತು ಕೆಲಸ ಮಾಡಿದಂತೆ ಕಂಡು, ಕಡತದಲ್ಲಿ ಉಳಿದು, ಆರು ತಿಂಗಳ ಮೇಲೆ ಕಾಡುತ್ತದೆ.

ಕಾರ್ಡುಗಳ ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಮೊದಲು ತಂತಿಯ ಕಾರ್ಡು ‘ಇಟಿಎಚ್0’, ವೈಫೈ ‘ಡಬ್ಲ್ಯುಲ್ಯಾನ್0’. ನೆನಪಿಡಲು ಸುಲಭ. 2013ರ ಜನವರಿಯಲ್ಲಿ ಸಿಸ್ಟಂಡಿಯ 197ನೇ ಆವೃತ್ತಿಯಿಂದ ‘ಡಬ್ಲ್ಯುಎಲ್‌ಪಿ3ಎಸ್0’ ಬಗೆಯ ಹೆಸರುಗಳು ಬಂದವು. ಹಳೆಯದು ನ್ಯಾಯಬೆಲೆ ಅಂಗಡಿಯ ಸರದಿಯಂತೆ, ಮೊದಲು ಕಂಡವರಿಗೆ ಮೊದಲ ಸಂಖ್ಯೆ. ಎರಡು ಕಾರ್ಡ್ ಇದ್ದರೆ ಇವತ್ತಿನ ಸೊನ್ನೆ ನಾಳೆ ಒಂದಾಗಬಹುದು. ಹೊಸದು ಜಮೀನಿನ ಸರ್ವೆ ನಂಬರ್ ಇದ್ದಂತೆ, ಮೂರನೇ ಬಸ್ಸಿನ ಸೊನ್ನೆಯ ಸ್ಲಾಟ್ ಎಂದು ಜಾಗವನ್ನೇ ಹೇಳುತ್ತದೆ. ನಾಲ್ಕು ಕಾರ್ಡಿನ ಸರ್ವರ್‌ಗೆ ಇದು ಸರಿಯಾದ ನ್ಯಾಯ, ಈಗ ಅದನ್ನು ಒಪ್ಪುತ್ತೇನೆ. ಆದರೆ ಹಳೆಯ ಹೆಸರಿಟ್ಟುಕೊಂಡ ಸಲಹೆಗಳು ಇನ್ನೂ ಚಲಾವಣೆಯಲ್ಲಿವೆ. ಅವನ್ನು ಅಂಟಿಸಿದವನಿಗೆ ‘ಕೆನಾಟ್ ಫೈಂಡ್ ಡಿವೈಸ್’ ಎಂಬ ಉತ್ತರ ಬರುತ್ತದೆ, ಅವನು ಕಾರ್ಡೇ ಸುಟ್ಟುಹೋಗಿದೆ ಎಂದುಕೊಳ್ಳುತ್ತಾನೆ. ‘ಐಪಿ ಲಿಂಕ್’ ಎಂದು ಕೇಳಿ ನಿಜವಾದ ಹೆಸರನ್ನು ಓದಿಕೊಳ್ಳುವುದು ಎರಡು ಸೆಕೆಂಡಿನ ಕೆಲಸ.

ಫರ್ಮ್‌ವೇರ್ ಸಮಸ್ಯೆಯನ್ನು ಮಾತ್ರ ಬಹುಕಾಲ ಕ್ಷಮಿಸಲಾಗಲಿಲ್ಲ. ವೈಫೈ ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಇಲ್ಲ, ಅದನ್ನು ತರಲು ನೆಟ್ ಬೇಕು, ನೆಟ್ ಬರಲು ಅದೇ ಕಾರ್ಡ್ ಬೇಕು. ಮುಕ್ತ ತಂತ್ರಾಂಶದ ತತ್ತ್ವಕ್ಕಾಗಿ ಡೆಬಿಯನ್ ಈ ಖಾಸಗಿ ಕಡತಗಳನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. ತತ್ತ್ವದ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಬೆಲೆ ತೆತ್ತದ್ದು ಮನೆಯಲ್ಲಿ ಕೇಬಲ್ ಸಂಪರ್ಕವಿಲ್ಲದ, ಒಂದೇ ಯಂತ್ರವಿರುವ ಹಳ್ಳಿಯ ವಿದ್ಯಾರ್ಥಿ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಆ ಕಡತಗಳು ಜೊತೆಗೇ ಬರುತ್ತವೆ. ತಡವಾದರೂ ಸರಿಯಾದ ನಿರ್ಧಾರ. ಇವತ್ತಿಗೂ ಸಿಕ್ಕಿಬಿದ್ದವರಿಗೆ ಒಂದು ದಾರಿ: ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಲಿನಕ್ಸಿಗೆ ಅದು ಸಾಮಾನ್ಯವಾಗಿ ತಂತಿಯ ಕಾರ್ಡಿನಂತೆಯೇ ಕಾಣುತ್ತದೆ, ಬೇರೆ ಫರ್ಮ್‌ವೇರ್ ಕೇಳುವುದಿಲ್ಲ.

ರೇಡಿಯೊಗೆ ಬೀಳುವ ಬೀಗದ ವಿಷಯ ಚಿಕ್ಕದು. ಅದನ್ನು ತೋರಿಸುವ ‘ಆರ್‌ಎಫ್‌ಕಿಲ್’ ಸಾಫ್ಟ್ ಎಂದರೆ ಆಜ್ಞೆಯಿಂದ ಬಿಚ್ಚಬಹುದು. ಹಾರ್ಡ್ ಎಂದರೆ ಗುಂಡಿ ಒತ್ತಬೇಕು. ಗುಂಡಿಯೇ ಇಲ್ಲದ ಕೆಲವು ಲೆನೊವೊ ಐಡಿಯಾಪ್ಯಾಡ್‌ಗಳು ಹಾರ್ಡ್ ಬೀಗ ಎಂದು ಸುಳ್ಳು ಹೇಳಿದ್ದುಂಟು. ಅಲ್ಲಿ ಕರ್ನಲ್‌ನ ಐಡಿಯಾಪ್ಯಾಡ್ ಮಾಡ್ಯೂಲನ್ನೇ ತಡೆಯಬೇಕಾಗುತ್ತಿತ್ತು.

ಇನ್ನು ಭಾಷೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ವ್ಯವಸ್ಥೆಯಲ್ಲಿ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಮುಟ್ಟಿದ್ದಾರೆ. ಹಾಗಾಗಿ ಕನ್ನಡ ಬಲ್ಲ ಲಿನಕ್ಸ್ ಬಳಕೆದಾರರು ಇಲ್ಲವೆನ್ನುವಂತಿಲ್ಲ. ಮೆನುಗಳೂ ಕನ್ನಡಕ್ಕೆ ಬಂದಿವೆ, ನೆಟ್‌ವರ್ಕ್‌ಗೆ ‘ಜಾಲಬಂಧ’ ಎಂಬ ಪದವೂ ಇದೆ. ಆದರೆ ಮೆನು ಕನ್ನಡದಲ್ಲಿದ್ದು ದೋಷದ ಸಾಲು ಇಂಗ್ಲಿಷಿನಲ್ಲಿದ್ದರೆ, ಎಲ್ಲ ಸರಿಯಿದ್ದಾಗ ಮಾತ್ರ ಕನ್ನಡ, ಕೆಟ್ಟಾಗ ಇಲ್ಲ ಎಂದಾಗುತ್ತದೆ. ನನಗೆ ಜಾಲಬಂಧಕ್ಕಿಂತ ತುರ್ತಾಗಿ ಬೇಕಾಗಿರುವುದು ಆಡುಮಾತಿನ ಐದು ವಾಕ್ಯ: ಕಾರ್ಡ್ ಕಾಣ್ತಿಲ್ಲ, ಫರ್ಮ್‌ವೇರ್ ಸಿಕ್ಕಿಲ್ಲ, ಬೀಗ ಬಿದ್ದಿದೆ, ವಿಳಾಸ ಬಂದಿಲ್ಲ, ಹೆಸರು ತಿಳೀತಿಲ್ಲ. ಫೋನ್ ಮಾಡಿ ‘ನೆಟ್ ಬರ್ತಿಲ್ಲ ಸಾರ್’ ಎನ್ನುವ ಹುಡುಗರಿಗೆ ಈಚೆಗೆ ನಾನು ಮೊದಲು ಕೇಳುವುದೇ ಇವುಗಳಲ್ಲಿ ಯಾವುದು ಎಂದು. ಹುಡುಕಿ ಹೇಳುವಷ್ಟರಲ್ಲಿ ಅರ್ಧ ಜನಕ್ಕೆ ಪರಿಹಾರ ತಾನಾಗಿಯೇ ಕಂಡಿರುತ್ತದೆ.

ಈಗಿನ ನನ್ನ ಯಂತ್ರದಲ್ಲಿ ಒಂದು ದೋಷ ಉಳಿದುಕೊಂಡಿದೆ. ಮುಚ್ಚಳ ಹಾಕಿ ಮಲಗಿಸಿ ಮತ್ತೆ ತೆರೆದಾಗ, ವಾರಕ್ಕೊಮ್ಮೆ ವೈಫೈ ಏಳುವುದಿಲ್ಲ. ಡ್ರೈವರನ್ನು ಇಳಿಸಿ ಮತ್ತೆ ಏರಿಸಿದರೆ ತಕ್ಷಣ ಬರುತ್ತದೆ, ಅಂದರೆ ರೂಟರಿನದಾಗಲಿ ನೆಟ್‌ವರ್ಕ್‌ಮ್ಯಾನೇಜರಿನದಾಗಲಿ ತಪ್ಪಲ್ಲ. ಕಾರ್ಡಿಗೂ ಕರ್ನಲ್‌ಗೂ ನಡುವೆ ಎಲ್ಲೋ ಇದೆ. ಅಷ್ಟರ ಮಟ್ಟಿಗೆ ಏರಿಯ ಮೇಲೆ ನಡೆದಿದ್ದೇನೆ. ಪ್ರತಿ ಸಲ ಲಾಗ್‌ನಲ್ಲಿ ಬಂದ ಸಾಲನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.